ಮುರುಗೆಪ್ಪನವರ ‘ಹೇಳು’ ಪಾಠ

ಆ ಭಾನುವಾರದ ಅನಾಹುತಕ್ಕೆಲ್ಲ ಮೂಲ ‘ಗೆ’ ಎಂಬ ಒಂದೇ ಒಂದು ಅಕ್ಷರ.

ವೆಸ್ಟ್ ಮಾಂಬಲಂನ ಆ ಅಪಾರ್ಟ್‌ಮೆಂಟಿನಲ್ಲಿ ಕನ್ನಡದ ಮನೆಗಳು ನಾಲ್ಕಾರಿದ್ದವು. ಹೆಚ್ಚಿನವರು ಚೆನ್ನೈಯಲ್ಲೇ ಹುಟ್ಟಿ ಬೆಳೆದವರು. ಅವರ ಕನ್ನಡ ತಮಿಳಿನ ಬಾಣಲೆಯಲ್ಲಿ ಕರಿದು ತೆಗೆದಂತೆ ಇರುತ್ತಿತ್ತು. ಧಾರವಾಡದಿಂದ ಬಂದು ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದ ಮುರುಗೆಪ್ಪನವರಿಗೆ ಅದನ್ನು ಕೇಳಿದಾಗಲೆಲ್ಲ ಅನ್ನದಲ್ಲಿ ಹರಳು ಕಡಿದಂತಾಗುತ್ತಿತ್ತು. ಕೊನೆಗೆ ತಾವೇ ಮುಂದಾಗಿ ಭಾನುವಾರದ ಬೆಳಗ್ಗೆ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ನೆರಳಿನಲ್ಲಿ, ಪಾಠ ಶುರುಮಾಡಿದ್ದರು. ಹೆಂಡತಿ ಗಿರಿಜಾದೇವಿ ಅಲ್ಲೇ ಹಪ್ಪಳ ಒಣಗಿಸುತ್ತ, ಕಾಗೆ ಕಾಯುವ ನೆಪದಲ್ಲಿ ಪಾಠವನ್ನೂ ಕಾಯುತ್ತಿದ್ದರು.

“ಇವತ್ತು ‘ಹೇಳು’ ಕ್ರಿಯಾಪದ. ಹೇಳು ಅಂದಮ್ಯಾಲೆ ಯಾರು ಹೇಳಿದ್ರು, ಯಾರಿಗೆ ಹೇಳಿದ್ರು, ಏನು ಹೇಳಿದ್ರು, ಎಲ್ಲಾ ಬರಬೇಕು. ಕೋಮಲಾ, ಒಂದು ವಾಕ್ಯ ಹೇಳ್ರಿ ನೋಡೋಣ.”

ಮೇಲಿನ ಮಹಡಿಯ ಕೋಮಲಾ ಎದ್ದು ನಿಂತು ಆಕಾಶ ನೋಡಿದರು. ಭಾಷೆಗಾಗಿ ತಡಕಾಡುವವರಿಗೆ ಸುಳ್ಳು ಹೊಳೆಯುವುದು ಕಷ್ಟ. ನಿಜವೇ ಬೇಗ ಕೈಗೆ ಸಿಗುತ್ತದೆ. “ನಾನು ವಿನೋದಾ ಸುಳ್ಳು ಹೇಳಿದೆ,” ಎಂದರು.

“‘ಗೆ’ ಎಲ್ಲಿ ಹೋತು?”

“ನಾನು ವಿನೋದಾಗೆ ಸುಳ್ಳು ಹೇಳಿದೆ.”

“ಶಾಬಾಸ್. ಈಗ ಏನು ಸುಳ್ಳು ಅನ್ನೂದನ್ನ ಸೇರಿಸ್ರಿ.” ವ್ಯಾಕರಣದ ಗುಂಗಿನಲ್ಲಿದ್ದ ಮುರುಗೆಪ್ಪನವರಿಗೆ, ಎದುರು ಮನೆಯ ವಿನೋದಾ ಕೋಮಲಾಳ ಪಕ್ಕದಲ್ಲೇ ಕೂತಿದ್ದು ಕಾಣಲಿಲ್ಲ.

“ಮಿಕ್ಸಿ ರಿಪೇರಿಗೆ ಹೋಗಿದೆ ಎಂದು ನಾನು ವಿನೋದಾಗೆ ಸುಳ್ಳು ಹೇಳಿದೆ.”

“ಬಂಗಾರದಂಥ ವಾಕ್ಯ,” ಎಂದರು ಮೇಷ್ಟ್ರು.

ವಿನೋದಾ ನಿಧಾನವಾಗಿ ಎದ್ದರು. “ಅಪ್ಪಡಿಯಾ? ಹಾಗಾ? ನಾನು ಅಮ್ಮಿಕಲ್ಲಲ್ಲಿ ಚಟ್ನಿ ಅರೆದು ಕೈಯೆಲ್ಲಾ ಬೊಬ್ಬೆ. ಇರಲಿ, ಸಾರ್. ನಂದೂ ಒಂದು ವಾಕ್ಯ ಇದೆ. ಕೋಮಲಾ ಮಾಡೋ ಹುಳಿ ಬಾಯಿಗಿಡಕ್ಕೆ ಆಗಲ್ಲ, ಅವಳ ಅತ್ತೆ ನನಗೆ ಹೇಳಿದರು.”

“‘ಆಗಲ್ಲ ಎಂದು’ ಅನ್ರಿ. ‘ಎಂದು’ ಬಿಟ್ರ ವಾಕ್ಯ ಕುಂಟತೈತಿ,” ಎಂದು ಮುರುಗೆಪ್ಪ ತಿದ್ದಿದರು. ವಿನೋದಾ ‘ಎಂದು’ ಸೇರಿಸಿ, ಇನ್ನಷ್ಟು ಗಟ್ಟಿಯಾಗಿ ಮತ್ತೊಮ್ಮೆ ಹೇಳಿದರು. ಕೋಮಲಾಳ ಮುಖ ಬಾಡಿದ ಬಾಳೆಲೆಯಂತಾಯಿತು.

ಜಗಳ ಬೆಳೆಯಬಾರದೆಂದು ಅಪಾರ್ಟ್‌ಮೆಂಟಿನ ಸೆಕ್ರೆಟರಿ ಸತ್ಯಾತ್ಮ ನಡುವೆ ಬಾಯಿ ಹಾಕಿದರು. “ನಾನು ಹೇಳ್ತೀನಿ ಸಾರ್. ಬೋರ್‌ವೆಲ್ ಕೆಟ್ಟಿದೆ ಎಂದು ನಾನು ಎಲ್ಲರಿಗೂ ಸುಳ್ಳು ಹೇಳಿದೆ.” ಹೇಳಿದ ಮೇಲೆ ಅವರಿಗೇ ತಿಳಿಯಿತು. ಅಷ್ಟರಲ್ಲಿ, ವಾರವಿಡೀ ಕೊಡ ಹೊತ್ತವರೆಲ್ಲ ಅವರನ್ನು ಹಪ್ಪಳದ ಮೇಲಿನ ಕಾಗೆಗಳಂತೆ ಸುತ್ತುವರಿದಿದ್ದರು.

ಮುರುಗೆಪ್ಪ ಡಸ್ಟರ್‌ನಿಂದ ಟ್ಯಾಂಕನ್ನು ಬಡಿದರು. “ಸಾಕು. ಇನ್ನ ಮ್ಯಾಲೆ ಈ ತಾರಸಿ ಮ್ಯಾಲೆ ಯಾರೂ ನಿಜ ಹೇಳಬಾರದು. ಪೂರಾ ಸುಳ್ಳು ವಾಕ್ಯನ ಹೇಳಬೇಕು. ಜ್ಯೋತಿ, ನೀ ಹೇಳವಾ.”

ಹೊಸದಾಗಿ ಮದುವೆಯಾಗಿ ಬಂದಿದ್ದ ಜ್ಯೋತಿ, ಮೇಷ್ಟ್ರ ಮನಸ್ಸು ತಣ್ಣಗಾಗಲೆಂದು ಒಳ್ಳೆಯ ಮಾತನ್ನೇ ಹುಡುಕಿದಳು. “ಮುರುಗೆಪ್ಪ ಸಾರ್ ಗಿರಿಜಾ ಆಂಟಿಗೆ ಎಲ್ಲಾ ವಿಷಯವನ್ನೂ ಹೇಳುತ್ತಾರೆ.”

ವ್ಯಾಕರಣದಲ್ಲಿ ಒಂದೇ ಒಂದು ತಪ್ಪೂ ಇರಲಿಲ್ಲ. ಗಿರಿಜಾದೇವಿ ಹಪ್ಪಳ ಮಗುಚುವುದನ್ನು ನಿಲ್ಲಿಸಿದರು. “ಏನ್ರಿ, ಈಗ ಇದು ಸುಳ್ಳು ಅಂತಾತು. ಹೌದಲ್ಲ?”

ಮುರುಗೆಪ್ಪ ಜ್ಯೋತಿಯ ಕಡೆ ತಿರುಗಿದರು. ಮೆಟ್ಟಿಲ ಮೇಲೆ ನಿಂತು ತಾವು ಫೋನಿನಲ್ಲಿ ಆಡಿದ ಮಾತು ಈ ಹುಡುಗಿಯ ಕಿವಿಗೆ ಬಿದ್ದಿರಬೇಕು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. “ಅನಸೂಯಕ್ಕ ಒಂದು ತಿಂಗಳು ಇರಾಕ ಬರ್ತೀನಿ ಅಂದ್ಲು. ನಾ ಬಾ ಅಂದೆ. ನಿನಗ ಹ್ಯಾಂಗ ಹೇಳೂದು ಅಂತ ತಿಳೀಲಿಲ್ಲ.”

“ಅಯ್ಯೋ ಸಾರ್,” ಎಂದಳು ಜ್ಯೋತಿ, “ನನಗೆ ಒಣ್ಣುಮೇ ತೆರಿಯಾದು, ಏನೂ ಗೊತ್ತಿಲ್ಲ. ಸುಮ್ನೆ ಹೇಳಿದೆ.”

ಹಿಂದಿನ ಸಲ ಮುರುಗೆಪ್ಪನವರ ಈ ಒಡಹುಟ್ಟಿದ ಅಕ್ಕ ಬಂದಾಗ ಮನೆಯಲ್ಲಿ ಏಳುವ ಹೊತ್ತು, ಉಣ್ಣುವ ಹೊತ್ತು, ಟೀವಿಯ ಧ್ವನಿ, ಎಲ್ಲವೂ ಅವರ ಅಪ್ಪಣೆಯಂತೆ ನಡೆದಿದ್ದವು. ಗುಡುಗನ್ನು ಎದುರಿಸಲು ಮುರುಗೆಪ್ಪ ತಲೆ ತಗ್ಗಿಸಿ ನಿಂತರು. ಗುಡುಗು ಬರಲಿಲ್ಲ.

“ನನಗ ಗೊತ್ತೈತಿ,” ಎಂದರು ಗಿರಿಜಾದೇವಿ. “ಅಕ್ಕಾರು ನನಗೂ ಫೋನ್ ಮಾಡಿದ್ರು. ನೀವು ಹೇಳ್ತೀರೇನೋ ಅಂತ ಕಾದೆ. ಹೇಳಲಿಲ್ಲ. ಅದಕ್ಕ ನಿನ್ನೆ ನಾನ ಹೇಳಿಬಿಟ್ಟೆ, ನಿಮ್ಮ ತಮ್ಮಗ ಚಿಕನ್‌ಪಾಕ್ಸ್ ಆಗೈತಿ, ಅಂಟೂ ರೋಗ, ಸದ್ಯ ಬರಬ್ಯಾಡ್ರಿ ಅಂತ.”

ಸಿಟ್ಟು ಬರಬೇಕಿತ್ತು. ಆದರೆ ಮುರುಗೆಪ್ಪನವರಿಗೆ ತಲೆಯ ಮೇಲಿನ ಮೂಟೆ ಯಾರೋ ಇಳಿಸಿಕೊಂಡಂತಾಯಿತು. ಹೆಂಡತಿಯ ಜಾಣತನ ಹೊಗಳಲು ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಏದುಸಿರು ಕೇಳಿಸಿತು. ಮೊದಲು ಬೇವಿನ ಸೊಪ್ಪಿನ ದೊಡ್ಡ ಹೊರೆ, ಅದರ ಹಿಂದೆ ಅನಸೂಯಕ್ಕ.

“ಸುದ್ದಿ ಕೇಳಿ ಸಿಕ್ಕ ಟ್ರೇನ್ ಹತ್ತಿ ಬಂದೆ. ಚಿಕನ್‌ಪಾಕ್ಸ್ ಆದಾವ ಬಿಸಲಾಗ ಏನ್ ಮಾಡಾಕತ್ತೀಯೋ?”

ಚಿಕನ್‌ಪಾಕ್ಸ್ ಎಂಬ ಮಾತು ಎರಡನೇ ಸಲ ಕಿವಿಗೆ ಬಿದ್ದದ್ದೇ ಸಾಕು, ಅದು ಸುಳ್ಳೋ ನಿಜವೋ ಎಂದು ನೋಡದೆ ತರಗತಿ ಒಂದೇ ಉಸಿರಿಗೆ ಕೆಳಗಿಳಿಯಿತು. ಕೋಮಲಾ ಮತ್ತು ವಿನೋದಾ ಒಬ್ಬರ ಕೈ ಒಬ್ಬರು ಹಿಡಿದುಕೊಂಡೇ ಓಡಿದರು.

ಮುರುಗೆಪ್ಪ ಹೆಂಡತಿಯ ಮುಖ ನೋಡಿದರು. ಆ ಕಣ್ಣುಗಳಲ್ಲಿ ಬೇಡಿಕೆಯಿತ್ತು, ಅದರ ಹಿಂದೆಯೇ ಬೆದರಿಕೆಯೂ ಇತ್ತು. “ಹತ್ರ ಬರಬ್ಯಾಡಕ್ಕ, ಅಂಟತೈತಿ,” ಎಂದು ಕ್ಷೀಣವಾಗಿ ನರಳಿದರು.

“ನನಗ ಸಣ್ಣಾಕಿದ್ದಾಗ ಆಗಿ ಹೋಗೈತಿ. ಎಲ್ಲಿ, ಒಂದು ಗುಳ್ಳೇನೂ ಕಾಣವಲ್ದು?”

“ಇನ್ನೂ ಒಳಗ ಅದಾವ್ರಿ ಅಕ್ಕಾರ,” ಎಂದರು ಗಿರಿಜಾದೇವಿ, ಹಪ್ಪಳದಿಂದ ತಲೆ ಎತ್ತದೆ.

ಮಧ್ಯಾಹ್ನದ ಹೊತ್ತಿಗೆ ಮುರುಗೆಪ್ಪ ಬೇವಿನ ಎಲೆಯ ಮೇಲೆ ಮಲಗಿ ಉಪ್ಪಿಲ್ಲದ ಗಂಜಿ ಕುಡಿಯುತ್ತಿದ್ದರು. ಅನಸೂಯಕ್ಕ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸುತ್ತ ಸಮಾಧಾನ ಹೇಳಿದರು.

“ಒಂದು ತಿಂಗಳು ಅಂದಿದ್ದೆ, ಆ ಮಾತು ಬಿಡು. ನಿನ್ನ ಗುಳ್ಳೆ ಎದ್ದು, ಮಾಗಿ, ಉದುರೂತನಕ ನಾ ಇಲ್ಲಿಂದ ಅಲ್ಲಾಡೂದಿಲ್ಲ.”