ಪೆಟ್ಟಿಗೆ ಕೇಳ್ತಿದೆ, ಅಲುಗಾಡಬೇಡಿ

"ಅಲುಗಾಡಬೇಡಿ" ಅಂತ ಜನಕ್ಕೆ ಹೇಳೋದೇ ನನ್ನ ಉದ್ಯೋಗ. ಆ ಮಾತನ್ನ ಜನ ಯಾವತ್ತೂ ಕೇಳೋದಿಲ್ಲವಾದ್ದರಿಂದ ನನಗೆ ತಮಾಷೆಗೆ ಬರ ಅನ್ನೋದೇ ಬಂದಿಲ್ಲ.

ಊಟಿ ಸುತ್ತಮುತ್ತ ಕಟ್ಟಡ ಏಳೋ ಮುಂಚೆ ನೆಲ ಪರೀಕ್ಷೆ ಮಾಡೋನು ನಾನು. ಅಗೆಯೋದಿಲ್ಲ, ಕೊರೆಯೋದಿಲ್ಲ. ಟಿಫಿನ್ ಡಬ್ಬಿಯಷ್ಟಿರೋ ಪೆಟ್ಟಿಗೆ ನೆಲದ ಮೇಲಿಟ್ಟು ಸುಮ್ಮನೆ ಕೂರ್ತೀನಿ. ಗಾಳಿ, ದೂರದ ಲಾರಿ, ಎಲ್ಲೋ ಇರೋ ಸಮುದ್ರದ ಅಲೆ, ಇವುಗಳಿಂದ ಭೂಮಿ ನಮಗೆ ಗೊತ್ತಾಗದ ಹಾಗೆ ಸದಾ ಅದುರ್ತಾನೇ ಇರುತ್ತೆ. ಆ ಅದುರಾಟ ಹಿಡಿದರೆ ಕೆಳಗೆ ಮೆತ್ತನೆ ಮಣ್ಣೋ ಗಟ್ಟಿ ಬಂಡೆಯೋ ತಿಳಿಯುತ್ತೆ. ಪಕ್ಕದಲ್ಲಿ ಯಾರೂ ಓಡಾಡಬಾರದು, ಅಷ್ಟೇ.

ಸೋಲೂರು ಕಡೆಯ ಒಂದು ಹಟ್ಟಿಗೆ ಹೋಗಿದ್ದೆ. ಊರಿನ ಹಳೇ ಸಮುದಾಯ ಭವನ ಮಳೆಗೆ ಬಿರುಕು ಬಿಟ್ಟು, ಮದುವೆ ಅಡುಗೆಯೆಲ್ಲ ಟಾರ್ಪಾಲಿನ ಕೆಳಗೆ ಬಂದಿತ್ತು. ಹೊಸ ಭವನಕ್ಕೆ ಎರಡು ಜಾಗ. ಗುಡ್ಡದ ಮೇಲಿನದು ಊರ ಗೌಡರ ಆಯ್ಕೆ. ಕೆಳಗೆ, ಕೊಳಾಯಿ ಪಕ್ಕದ ಮಟ್ಟಸ ನೆಲ ಒಬ್ಬ ಅಜ್ಜಿಯ ಆಯ್ಕೆ. ಊರಿನ ಅಡುಗೆಗೆಲ್ಲ ಈ ಅಜ್ಜಿಯೇ ಯಜಮಾನಿ. "ಈ ಮೊಣಕಾಲು ಇಟ್ಕೊಂಡು ನಾನು ಗುಡ್ಡ ಹತ್ತೋಳಲ್ಲ. ಮೇಲೆ ಕಟ್ಟಿದ್ರೆ ಅಡುಗೆ ನೀವೇ ಮಾಡ್ಕೊಳ್ಳಿ" ಅಂದುಬಿಟ್ಟಿದ್ದರು. ತೀರ್ಪು ನನ್ನ ಪೆಟ್ಟಿಗೆಯ ಪಾಲಿಗೆ ಬಿತ್ತು.

ಉಪಚಾರ

ಮೊದಲ ದಿನ ಕೆಳಗಿನ ಜಾಗ. ಪೆಟ್ಟಿಗೆ ಶುರು ಮಾಡಿದ ತಕ್ಷಣ ಒಬ್ಬರು ಟೀ ಹಿಡಕೊಂಡು ಬಂದರು. ಬಾಯಿ ಬಿಡೋ ಹಾಗಿಲ್ಲ, ಕೈಯಾಡಿಸಿ ಬೇಡ ಅಂದೆ. ಆ ಹಟ್ಟಿಯಲ್ಲಿ ಬಂದವರು ಬೇಡ ಅಂದರೆ ಏನೋ ಬೇಸರವಾಗಿದೆ ಅಂತ ಅರ್ಥ. ಅವರು ಓಡಿಹೋಗಿ ಬಿಸ್ಕತ್ತು ತಂದರು. ಮತ್ತೆ ಕೈಯಾಡಿಸಿದೆ. ಅವರ ಹೆಂಡತಿ ಊಟಕ್ಕೆ ಕರೆಯೋಕೆ ಬಂದರು. ಅಷ್ಟರಲ್ಲಿ ಊರ ಗೌಡರೇ ಎದ್ದು ಬಂದು, "ಯಾರು ಸಾರ್ ಏನಂದ್ರು ನಿಮಗೆ? ಹೆಸರು ಹೇಳಿ" ಅಂದರು. ಅವರ ಹಿಂದೆ ಅರ್ಧ ಊರು. ರೆಕಾರ್ಡಿಂಗ್ ಹಾಳಾಯ್ತು, ಕೂತು ಉಂಡೆ.

ಹೊರಡೋವಾಗ ಒಬ್ಬ ತಾತ ಪೆಟ್ಟಿಗೆಯನ್ನ ಕನಿಕರದಿಂದ ನೋಡಿ, "ಪಾಪ, ಇದಕ್ಕೆ ಮಾತ್ರ ಯಾರೂ ಏನೂ ಕೊಡ್ಲಿಲ್ಲ" ಅಂದರು.

ಕಾಟಿ

ಮಾರನೇ ಬೆಳಿಗ್ಗೆ ಊರು ಏಳೋ ಮುಂಚೆ ಕಳ್ಳನ ಹಾಗೆ ಬಂದು ಅದೇ ಜಾಗದಲ್ಲಿ ಪೆಟ್ಟಿಗೆ ಇಟ್ಟೆ. ತಿರುಗಿ ನೋಡ್ತೀನಿ, ಟೀ ಗಿಡಗಳ ನಡುವೆ ಒಂದು ಕಾಟಿ! ಕಾಡೆಮ್ಮೆ ಅಂದರೆ ಸಣ್ಣ ಪ್ರಾಣಿಯೇನಲ್ಲ ಸ್ವಾಮಿ, ನನ್ನ ಜೀಪಿನಷ್ಟಿತ್ತು. ಅದು ನನ್ನ ನೋಡ್ತು, ನಾನು ಅದನ್ನ ನೋಡಿದೆ. ಅದು ಅಲುಗಾಡಲಿಲ್ಲ. ನಾನಂತೂ ಉಸಿರೂ ಆಡಲಿಲ್ಲ. ಆ ಹೊತ್ತಿಗೇ ಎದ್ದು ಟೀ ತಂದಿದ್ದ ನಿನ್ನೆಯವರು ದೂರದಲ್ಲೇ ಲೋಟ ಹಿಡಿದು ಕಂಬ ಆಗಿಬಿಟ್ಟರು. ಆಮೇಲೆ ಕಾಟಿ ಬೇಜಾರಾಗಿ ತನ್ನ ಪಾಡಿಗೆ ತಾನು ಹೋಯ್ತು.

ಇಷ್ಟು ವರ್ಷದ ಸರ್ವೀಸಿನಲ್ಲಿ ಅಷ್ಟು ಶುದ್ಧವಾದ ರೆಕಾರ್ಡಿಂಗ್ ನನಗೆ ಸಿಕ್ಕಿಲ್ಲ. ಈಗ ಯಾವ ಊರಿಗೆ ಹೋದರೂ ಮೊದಲು ಕೇಳೋದು, "ಇಲ್ಲಿ ಕಾಟಿ ಬರುತ್ತಾ?"

ಮೊಣಕಾಲು

ಗುಡ್ಡ ಹತ್ತೋ ಮುಂಚೆ ಅಜ್ಜಿ ನನ್ನನ್ನ ತಡೆದು, "ಅದು ಹೇಗಪ್ಪಾ ಪಾಸು ಫೇಲು ಮಾಡುತ್ತೆ?" ಅಂತ ಕೇಳಿದರು. ನಾನೂ ದೊಡ್ಡ ಮೇಷ್ಟ್ರ ಹಾಗೆ, "ಜಾಸ್ತಿ ಅದುರಿದರೆ ಮೆತ್ತನೆ ನೆಲ, ಫೇಲು. ಕಮ್ಮಿ ಅದುರಿದರೆ ಗಟ್ಟಿ ನೆಲ, ಪಾಸು" ಅಂತ ವಿವರಿಸಿದೆ. ಅಜ್ಜಿ "ಓಹೋ" ಅಂದು ಸುಮ್ಮನಾದರು. ಆ ಸುಮ್ಮನಾದದ್ದೇ ನನಗೆ ಅನುಮಾನ ತರಬೇಕಿತ್ತು.

ಮೇಲೆ ಪೆಟ್ಟಿಗೆ ಇಟ್ಟೆ. ನಾನು, ಗೌಡರು ಇಬ್ಬರೇ. ಗಾಳಿಯೂ ಇಲ್ಲ. ಆದರೂ ಲ್ಯಾಪ್‌ಟಾಪಿನಲ್ಲಿ ಗೆರೆ ಧಿಮ್ ಧಿಮ್ ಅಂತ ಎಗರ್ತಿದೆ! ಅದೂ ಒಂದೇ ಲಯದಲ್ಲಿ. ಗೌಡರ ಮುಖ ಬಾಡಿಹೋಯ್ತು. "ಸಾರ್, ಗುಡ್ಡಕ್ಕೇನಾಯ್ತು?" ಅಂದರು. ಗುಡ್ಡ ಹೀಗೆ ತಾಳ ತಪ್ಪದೆ ಅದುರೋದನ್ನ ನಾನು ಎಲ್ಲೂ ಕಂಡಿಲ್ಲ. ಪಕ್ಕದಲ್ಲಿದ್ದ, ಟೀ ಎಲೆ ತೂಕ ಹಾಕೋ ಶೆಡ್ಡಿನ ಹಿಂದೆ ಮೆಲ್ಲಗೆ ಇಣುಕಿದೆ.

ಊರಿನ ಹೆಂಗಸರೆಲ್ಲ ದುಂಡಗೆ ಸುತ್ತು ಕಟ್ಟಿ ಕುಣೀತಿದ್ದಾರೆ! ಹಾಡಿಲ್ಲ, ವಾದ್ಯವಿಲ್ಲ, ಎಲ್ಲರ ಬಾಯಿಗೂ ಸೆರಗು. ಎಲ್ಲರಿಗಿಂತ ಮುಂದೆ, ಎಲ್ಲರಿಗಿಂತ ಎತ್ತರಕ್ಕೆ ಹಾರ್ತಾ ಇದ್ದವರು ಅಜ್ಜಿ.

"ಅಜ್ಜೀ! ನಿಮ್ಮ ಮೊಣಕಾಲು?" ಅಂತ ಗೌಡರು ಕಿರುಚಿದರು.

ಅಜ್ಜಿ ಏದುಸಿರು ಬಿಡ್ತಾ, "ಇವತ್ತು ಚೆನ್ನಾಗಿದೆ. ಭವನ ಇಲ್ಲಿಗೆ ಬಂದ್ರೆ ನಾಳೆಯಿಂದ ನೋಯುತ್ತೆ" ಅಂದರು.

ನಗು ತಡೆಯೋಕಾಗಲಿಲ್ಲ. ಆದರೆ ನಿಜ ಹೇಳಲೇಬೇಕಿತ್ತು. "ಕೆಳಗಿನದು ಮೆತ್ತನೆ ಮಣ್ಣು ಅಜ್ಜಿ. ಅಲ್ಲಿ ಕಟ್ಟಿದ್ರೆ ಹೊಸದೂ ಬಿರುಕು ಬಿಡುತ್ತೆ" ಅಂದೆ. ಅಜ್ಜಿ ಕಟ್ಟೆ ಮೇಲೆ ಕೂತು ಬೆವರು ಒರೆಸಿಕೊಂಡರು. ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ ಇನ್ನೊಮ್ಮೆ ಅಳೆದೆ. ಗೆರೆ ಎಗರಲೇ ಇಲ್ಲ, ಗಟ್ಟಿ ನೆಲ.

"ಸರಿ, ಇಲ್ಲೇ ಕಟ್ಟಲಿ. ಇಷ್ಟು ವರ್ಷ ನೀರು, ಹಂಡೆ, ಕೊಳಗ ಎಲ್ಲ ಹೊತ್ತಿದ್ದು ನಾವು. ಇನ್ನು ನೀರಿಗೆ ಪೈಪು ಹಾಕಿಸಬೇಕು, ಪಾತ್ರೆ ಹೊರೋದು ಗಂಡಸರು" ಅಂದರು ಅಜ್ಜಿ. ಸುತ್ತ ಅಷ್ಟೂ ಹೆಂಗಸರು ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದರು. ಗೌಡರು ಮೇಲೆ ನೋಡಿದರು, ಕೆಳಗೆ ನೋಡಿದರು, ಕೊನೆಗೆ "ಆಯ್ತು" ಅಂದರು.

ಅಜ್ಜಿ ತಟ್ಟನೆ ನನ್ನ ಕಡೆ ತಿರುಗಿದರು. "ಸಾರ್, ಗೌಡ್ರು ಆಯ್ತು ಅಂದದ್ದು ನಿಮ್ಮ ಪೆಟ್ಟಿಗೆಯಲ್ಲಿ ಬಂತಾ?"

ನನ್ನ ಪೆಟ್ಟಿಗೆಗೆ ಮನುಷ್ಯರ ಮಾತು ಒಂದಕ್ಷರ ತಿಳಿಯೋದಿಲ್ಲ. ನಾನು ಗೌಡರ ಮುಖ ನೋಡಿದೆ, ಅಜ್ಜಿಯ ಮುಖ ನೋಡಿದೆ.

"ಬಂದಿದೆ ಅಜ್ಜಿ" ಅಂದೆ, "ಅಳಿಸೋಕೂ ಬರಲ್ಲ."