ಬಲ ಇದ್ದವರಿಗೆ ಬಲಕ್ಕೆ

ಎಲ್ಲಕ್ಕೂ ಕಾರಣ ಗುಲಾಬಿ ಬಣ್ಣದ ಒಂದು ಪ್ಲಾಸ್ಟಿಕ್ ತಟ್ಟೆ. ಹಾಲಿನ ಡೇರಿ ಕಾರ್ಯದರ್ಶಿ ಕಾಂತರಾಜು ಮೂವತ್ತು ವರ್ಷ ಜೋಪಾನ ಮಾಡಿಕೊಂಡು ಬಂದಿದ್ದ ಹೆಸರನ್ನು, ಕಾಲು ಕಿಲೋ ಕೂಡ ತೂಗದ ಆ ತಟ್ಟೆ ಒಂದೇ ಭಾನುವಾರದಲ್ಲಿ ಬೀದಿಗೆ ತಂದಿತು.

ಕಾಲೇಜಿನ ದಿನಗಳಲ್ಲಿ ಕಾಂತರಾಜು ಚಕ್ರ ಎಸೆತದಲ್ಲಿ ಜಿಲ್ಲೆಗೇ ಮೊದಲಿಗ. ಆ ಪದಕ ಈಗಲೂ ಡೇರಿಯ ಗೋಡೆಯಲ್ಲಿ ದೇವರ ಪಟದ ಪಕ್ಕ ನೇತಾಡುತ್ತಿದೆ. ಹಾಲು ಹಾಕಲು ಬಂದವರು ಮೊದಲು ಪದಕ ನೋಡಬೇಕು, ಅದರ ಕತೆ ಕೇಳಬೇಕು, ಆಮೇಲೆ ಹಾಲಿನ ಅಳತೆ. ನಂದಗುಡಿ ಪಕ್ಕದಲ್ಲಿ ಇನ್ನೂ ಒಂದು ಮನೆಯೂ ಏಳದ ಹೊಸ ಬಡಾವಣೆಯಲ್ಲಿ 'ಡಿಸ್ಕ್ ಗಾಲ್ಫ್' ಅಂತ ಆಟ ಶುರುವಾಗಿದೆ, ತಟ್ಟೆ ಎಸೆದು ದೂರದ ಕಂಬದ ಸರಪಳಿ ಬುಟ್ಟಿಗೆ ಬೀಳಿಸಬೇಕಂತೆ, ಊರಿಗೊಂದು ತಂಡ ಕಟ್ಟುತ್ತಾರಂತೆ ಎಂಬ ಸುದ್ದಿ ಬಂದಾಗ ಅವನು ಕ್ಯಾನಿನ ಮುಚ್ಚಳ ಬಡಿದು ಹೇಳಿಬಿಟ್ಟ: "ಕ್ಯಾಪ್ಟನ್ ಯಾರು ಅಂತ ಕೇಳೋದೇ ಬೇಡ!"

ಭಾನುವಾರ ಅರ್ಧ ಊರು ಬಡಾವಣೆಯಲ್ಲಿತ್ತು. ಆಟ ಕಲಿಸಲು ಬಂದಿದ್ದ ಹರ್ಷಿತ ಎಂಬ ಹುಡುಗಿ, ತಟ್ಟೆಯನ್ನು ಎದೆಗೆ ಅಡ್ಡವಾಗಿ ಎಳೆದು ಬೀಸುವುದು ಹೇಗೆಂದು ತೋರಿಸಿ, ಎಲ್ಲರ ಕೈಗೂ ಒಂದೇ ಬಗೆಯ ಗುಲಾಬಿ ತಟ್ಟೆ ಕೊಟ್ಟಳು. ಮೊದಲ ಸರದಿ ಕಾಂತರಾಜುವಿನದು.

"ಎಲ್ರೂ ಹಿಂದಕ್ಕೆ ಸರೀರಪ್ಪಾ, ಏಟು ತಗಲೀತು!" ಎಂದು ಶರ್ಟಿನ ತೋಳು ಮಡಚಿ ಬೀಸಿದ. ತಟ್ಟೆ ಹತ್ತು ಮಾರು ನೆಟ್ಟಗೆ ಹೋಗಿ, ಮನೆಯಲ್ಲಿ ಏನೋ ಮರೆತು ಬಂದವರ ಹಾಗೆ ಸರಕ್ಕನೆ ಬಲಕ್ಕೆ ಹೊರಳಿ, ಬೇಲಿ ದಾಟಿ ಗಂಗಣ್ಣನ ಟೊಮೇಟೊ ಹೊಲಕ್ಕೆ ಬಿತ್ತು.

"ಲೇ ಕಾಂತರಾಜ, ಈ ಸಲ ಟೊಮೇಟೊಗೆ ರೇಟಿದೆ ಕಣೋ!" ಎಂದು ಗಂಗಣ್ಣ ಹೊಲದ ಕಡೆ ಓಡಿದ.

ಎರಡನೇ ಸಲ ಕಾಂತರಾಜು ಇನ್ನೂ ಜೋರಾಗಿ ಬೀಸಿದ. ತಟ್ಟೆ ಬಲಕ್ಕೆ ಮಗುಚಿ, ಅಂಚಿನ ಮೇಲೆ ನಿಂತು, ಕಳಚಿಕೊಂಡ ಗಾಡಿ ಚಕ್ರದಂತೆ ಉರುಳುತ್ತ ಶಾಮಿಯಾನದೊಳಗೆ ನುಗ್ಗಿ ಮಜ್ಜಿಗೆಯ ಕೊಳಗವನ್ನು ಕೆಡವಿತು.

ಆಮೇಲೆ ಸಲಹೆಗಳ ಸುರಿಮಳೆ. ಒಬ್ಬ ಮಣಿಕಟ್ಟು ಬಿಗಿ ಹಿಡಿ ಅಂದ, ಇನ್ನೊಬ್ಬ ಸಡಿಲ ಬಿಡು ಅಂದ. ಪಕ್ಕದ ಮನೆಯ ಮುನಿರಾಜ್ ಎಡಚ. "ಬಿಡು ಗುರು, ನಾನು ತೋರಿಸ್ತೀನಿ" ಎಂದು ಎಡಗೈಯಲ್ಲಿ ಬೀಸಿದ. ಅವನ ತಟ್ಟೆ ಎಡಕ್ಕೆ ಹೊರಳಿ ರಸ್ತೆಯಲ್ಲಿ ಹೋಗುತ್ತಿದ್ದ ಟೆಂಪೋ ಮುಂದೆ ಬಿತ್ತು. ಡ್ರೈವರ್ ಇಳಿದು ಮುನಿರಾಜನ ವಂಶವನ್ನೆಲ್ಲ ವಿಚಾರಿಸಿಕೊಂಡು ಹೋದ.

ಅಷ್ಟರಲ್ಲಿ ಕಾಂತರಾಜುವಿನ ಹೆಂಡತಿ ಭಾಗ್ಯಮ್ಮ ಬಿ.ಪಿ. ಮಾತ್ರೆ ತಂದಳು. "ರೀ, ಇದನ್ನ ನುಂಗಿ, ಆಮೇಲೆ ಎಸೀರಿ" ಎಂದು ಮಾತ್ರೆ ಅವನ ಕೈಗಿಟ್ಟು, ತಟ್ಟೆಯನ್ನು ಇಸಿದುಕೊಂಡು, ಅಂಗಳಕ್ಕೆ ನೀರು ಚೆಲ್ಲುವಷ್ಟು ಹಗುರಾಗಿ ಬೀಸಿದಳು. ತಟ್ಟೆ ಅತ್ತಿತ್ತ ನೋಡದೆ ತೇಲುತ್ತ ತೇಲುತ್ತ ಹೋಗಿ ಬುಟ್ಟಿಯ ಹತ್ತಿರ ಕೂತಿತು. ಊರೆಲ್ಲ ಚಪ್ಪಾಳೆ. ಕಾಂತರಾಜುವಿನ ಮುಖ ಒಡೆದ ಹಾಲಿನಂತಾಯಿತು.

ಹರ್ಷಿತಳಿಗೆ ಪಾಪ ಅನ್ನಿಸಿತು. "ಬೇಜಾರ್ ಮಾಡ್ಕೋಬೇಡಿ ಅಂಕಲ್. ಈ ತಟ್ಟೆ ಮೆತ್ತಗೆ ಎಸೆಯೋರಿಗೆ ಅಂತಾನೇ ಮಾಡಿರೋದು. ಕೈ ನಿಧಾನ ಇದ್ರೆ ನೆಟ್ಟಗೆ ದೂರ ಹೋಗುತ್ತೆ. ವೇಗ ಜಾಸ್ತಿ ಆದ್ರೆ ತಡ್ಕೊಳ್ಳಲ್ಲ, ಬಲಕ್ಕೆ ಮಗುಚುತ್ತೆ. ಎಡಗೈನವ್ರಿಗೆ ಎಡಕ್ಕೆ, ಅಷ್ಟೇ."

ಕಾಂತರಾಜು ಮಾತ್ರೆ ನುಂಗುವುದನ್ನೂ ಮರೆತ. "ಇನ್ನೊಂದ್ಸಲ ಹೇಳಮ್ಮಾ. ಎಲ್ರಿಗೂ ಕೇಳೋ ಹಾಗೆ ಹೇಳು."

ಅವಳು ಹೇಳಿದಳು. ಅವನ ಎದೆ ಒಂದು ಗೇಣು ಉಬ್ಬಿತು. "ಕೇಳಿದ್ರೇನ್ರಪ್ಪಾ? ಬಲ ಇದ್ದವರಿಗೆ ಬಲಕ್ಕೆ! ನನ್ ಕೈ ವೇಗಾನ ಆ ತಟ್ಟೆ ಪಾಪ ಹೆಂಗ್ ತಡ್ಕೊಂಡೀತು!"

ಅಲ್ಲಿಂದ ಆಟದ ಧಾಟಿಯೇ ಬದಲಾಯಿತು. ತಟ್ಟೆ ನೆಟ್ಟಗೆ ಹೋದವರು ತಲೆ ತಗ್ಗಿಸಿದರು; ಹೊರಳಿದವರು ಮೀಸೆ ತಿರುವಿದರು. ಗಂಗಣ್ಣನ ತಟ್ಟೆ ದಾರ ಹಿಡಿದಂತೆ ನೇರ ಹೋದಾಗ ಕಾಂತರಾಜು ಅವನ ಹೆಗಲ ಮೇಲೆ ಕೈ ಹಾಕಿ, "ವಯಸ್ಸು ಗಂಗಣ್ಣ, ವಯಸ್ಸು. ರಾತ್ರಿಗೊಂದು ಮುದ್ದೆ ಜಾಸ್ತಿ ಉಣ್ಣು" ಎಂದು ಸಮಾಧಾನ ಹೇಳಿದ. ಗಂಗಣ್ಣ ಅವನಿಗಿಂತ ಎರಡು ವರ್ಷ ಚಿಕ್ಕವನು.

ಮಧ್ಯಾಹ್ನದ ಊಟಕ್ಕೆ ಮೊದಲು ಕಾಂತರಾಜು ಮೈಕ್ ಹಿಡಿದು ನಿಯಮವನ್ನೂ ಮಾಡಿಬಿಟ್ಟ. ಊಟವಾದ ಮೇಲೆ ಎಲ್ಲರಿಗೂ ಒಂದೊಂದೇ ಎಸೆತ. ನೆಟ್ಟಗೆ ಹೋದರೆ ಮೆತ್ತನೆ ಕೈಯವರ ಗುಂಪು. ಹೊರಳಿದರೆ ಗಟ್ಟಿ ಕೈಯವರ ಗುಂಪು. ಎಲ್ಲರಿಗಿಂತ ಹೆಚ್ಚು ಹೊರಳಿಸಿದವರೇ ಕ್ಯಾಪ್ಟನ್.

"ಅಂಕಲ್, ಅದು ಹಾಗಲ್ಲ..." ಎಂದಳು ಹರ್ಷಿತ.

"ಊರಿನ ತಂಡ, ಊರಿನ ನಿಯಮ ಕಣಮ್ಮಾ" ಎಂದ ಕಾಂತರಾಜು. ಊರು ಹೌದೆಂದಿತು. ಊಟ ತಣ್ಣಗಾಗುತ್ತಿತ್ತು.

ಊಟದ ನಂತರ ಅವನ ಸರದಿ ಬಂತು. ಎಡಬಲ ನೋಡಿದ. ಬಲಗಡೆ ನಿಂತವರನ್ನೆಲ್ಲ ಚದುರಿಸಿದ. ಹಲ್ಲು ಕಚ್ಚಿ, ಮೈಯ ಕಸುವನ್ನೆಲ್ಲ ತೋಳಿಗೆ ತಂದು ಬೀಸಿದ.

ತಟ್ಟೆ ನೆಟ್ಟಗೆ ಹೋಯಿತು. ಇನ್ನೂ ಹೋಯಿತು. ಬಲಕ್ಕೆ ಒಂದು ಬೆರಳಿನಷ್ಟೂ ವಾಲದೆ, ಬುಟ್ಟಿ ದಾಟಿ, ಮಣ್ಣಿನ ರಸ್ತೆ ದಾಟಿ, ಕೊನೆಯ ಸೈಟಿನ ಕಲ್ಲಿನ ಬಳಿ ಇಳಿಯಿತು. ಅಷ್ಟು ದೂರ ಆ ದಿನ ಯಾರೂ ಎಸೆದಿರಲಿಲ್ಲ.

ಗಂಗಣ್ಣನೇ ಹತ್ತಿರ ಬಂದು ಹೆಗಲ ಮೇಲೆ ಕೈ ಹಾಕಿದ. "ವಯಸ್ಸು ಕಾಂತರಾಜ, ವಯಸ್ಸು."

"ಏನಮ್ಮಾ ಇದು?" ಕಾಂತರಾಜು ಹರ್ಷಿತಳ ಕಡೆ ತಿರುಗಿದ. "ಬೆಳಿಗ್ಗೆ ಮಗುಚ್ತಿತ್ತಲ್ಲ?"

"ಬೆಳಿಗ್ಗೆ ಎದುರುಗಾಳಿ ಇತ್ತು ಅಂಕಲ್. ಎದುರುಗಾಳಿಗೆ ಈ ತಟ್ಟೆ ಇನ್ನೂ ಬೇಗ ಮಗುಚುತ್ತೆ. ಈಗ ಗಾಳಿ ಹಿಂದಿನಿಂದ ಬೀಸ್ತಿದೆ, ನೆಟ್ಟಗೆ ಹೋಗುತ್ತೆ. ಅದನ್ನೇ ಹೇಳೋಕೆ ಬಂದೆ, ನೀವು ಬಿಡ್ಲಿಲ್ಲ. ಈ ಗಾಳೀಲೂ ಮಗುಚ್ಬೇಕು ಅಂದ್ರೆ ಕೈ ನಿಜವಾಗ್ಲೂ ಜೋರಿರ್ಬೇಕು."

"ಹಂಗಾದ್ರೆ ಈ ಗಾಳೀಲಿ ಯಾರ ಕೈಲೂ ಆಗಲ್ಲ ಬಿಡು!" ಕಾಂತರಾಜುವಿಗೆ ಹೋದ ಜೀವ ಬಂದಂತಾಯಿತು.

"ನನ್ನದೊಂದು ಎಸೆತ ಬಾಕಿ ಇದೆ" ಎಂದಳು ಭಾಗ್ಯಮ್ಮ. ದಿನವೂ ನಾಲ್ಕು ಹಸು ಕರೆಯುವ ಕೈ ಅದು. ಬೆಳಗಿನಿಂದ ಗಂಡನ ಬಲದ ಪುರಾಣ ಕೇಳಿ ಕೇಳಿ ಕಿವಿ ತುಂಬಿಹೋಗಿತ್ತು. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿ ಈ ಸಲ ಜೋರಾಗಿಯೇ ಬೀಸಿದಳು. ತಟ್ಟೆ ಗಾಳಿಯನ್ನೂ ಲೆಕ್ಕಿಸದೆ ಬಲಕ್ಕೆ ಮಗುಚಿ, ಬೇಲಿ ಹಾರಿ, ಟೊಮೇಟೊ ಹೊಲದ ಅರ್ಧಕ್ಕೆ ಹೋಗಿ ಬಿತ್ತು. ಗಂಗಣ್ಣ ಬೈಯಲಿಲ್ಲ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ.

"ಎಲ್ರಿಗಿಂತ ದೂರ ಎಸೆದಿದ್ದು ನಾನು!" ಎಂದು ಕಾಂತರಾಜು ಕೂಗಿದ.

"ನೀನೇ ಮಾಡಿದ ನಿಯಮ ಕಣಪ್ಪಾ" ಎಂದು ಮುನಿರಾಜ್ ಮೈಕ್ ಕಿತ್ತುಕೊಂಡ. ಅವನ ದನಿ ನಂದಗುಡಿಯ ಬಸ್ ನಿಲ್ದಾಣದವರೆಗೂ ಕೇಳಿಸಿತು: "ಕ್ಯಾಪ್ಟನ್, ಭಾಗ್ಯಮ್ಮನವರು! ಮೆತ್ತನೆ ಕೈಯವರ ಗುಂಪಿನಲ್ಲಿ ಅತಿ ದೂರ ಎಸೆದು ಪ್ರಥಮ ಸ್ಥಾನ, ನಮ್ಮ ಕಾಂತರಾಜು!"

ಜಿಲ್ಲೆ ಗೆದ್ದ ದಿನವೂ ಅವನಿಗೆ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ. ಭಾಗ್ಯಮ್ಮ ಹೆಮ್ಮೆಯಿಂದ ಗಂಡನ ಪಕ್ಕ ಬಂದು ನಿಂತಳು.

"ರೀ, ನಾಳೆ ಬೆಳಿಗ್ಗೆ ಆರಕ್ಕೆ ಪ್ರಾಕ್ಟೀಸು. ನಾವು ಎಸೆದಿದ್ದನ್ನ ಎತ್ಕೊಂಡ್ ಬರೋಕೆ ಒಬ್ರು ಬೇಕು."

"ಆರಕ್ಕೆ ಡೇರಿ ಇದೆ ಕಣೇ."

"ಸರಿ, ಹಂಗಾದ್ರೆ ಐದಕ್ಕೆ ಇಟ್ಕೊಳ್ಳೋಣ" ಎಂದಳು ಕ್ಯಾಪ್ಟನ್.