ಮನೋಳಿಯ ಟಮಾಟಿ ಸಾಲುಗಳಲ್ಲಿ ಬಿಡಾರ ಹೂಡಿದ ವೈರಸ್ ಮಂಡಳಿಯವರಿಗೆ

ಕಣ್ಣಿಗೆ ಕಾಣದವರೂ, ಕರೆಯದೆ ಬಂದವರೂ, ಬಂದ ಮೇಲೆ ಹೋಗುವ ಮಾತೆತ್ತದವರೂ ಆದ ಮಾನ್ಯರೇ, ಮಲಪ್ರಭೆಯ ದಂಡೆಯ ಮನೋಳಿಯಿಂದ, ಹದಿನೆಂಟು ವರ್ಷ ಊರ ನಾಟಕದಲ್ಲಿ ರಾಜನಾಗಿ ಕಿರೀಟ ಹೊತ್ತ ಅಮೋಘಸಿದ್ದಪ್ಪನೆಂಬ ರೈತನು ಅದೇ ಕಿರೀಟವನ್ನು ತಮ್ಮ ಪಾದವಿರಬಹುದಾದ ಜಾಗದಲ್ಲಿ ಇಟ್ಟು ಬರೆದುಕೊಳ್ಳುವ ದೂರು ಏನೆಂದರೆ:

ಮೊದಲು ಮೆಚ್ಚುಗೆ, ಆಮೇಲೆ ತಕರಾರು. ಇಷ್ಟು ಬಗೆಯ ಪಾತ್ರಧಾರಿಗಳಿರುವ ಕಂಪನಿಯನ್ನು ನಾನು ಸವದತ್ತಿಯಲ್ಲಾಗಲಿ ಬೈಲಹೊಂಗಲದಲ್ಲಾಗಲಿ ಕಂಡಿಲ್ಲ. ತಮ್ಮಲ್ಲಿ ಒಬ್ಬರು ಬಿಳಿನೊಣದ ಬೆನ್ನೇರಿ ಹಾರಿ ಬಂದು ಎಲೆಗಳನ್ನು ಸುಟ್ಟ ಹಪ್ಪಳದಂತೆ ಮುದುಡಿಸುತ್ತಾರೆ; ಇನ್ನೊಬ್ಬರು ಉಗುರಿನ ಅಂಚಿನಷ್ಟೂ ಇಲ್ಲದ ನುಸಿಯ ಸವಾರಿಯಲ್ಲಿ ಬಂದು ಕಾಯಿಯ ಮೈಮೇಲೆ ಬಳೆ ಬಳೆಯಾಗಿ ಚಿತ್ತಾರ ಬಿಡಿಸುತ್ತಾರೆ; ಮತ್ತೊಬ್ಬರು, ಅವರೇ ನನ್ನ ಮಾನ ಕಳೆದವರು, ಎಲೆಗೆ ಹಸಿರು ಹಳದಿ ತೇಪೆ ಹಾಕಿ ಕೌದಿ ಹೊಲಿಯುವ ಮೊಸಾಯಿಕ್ ಎಂಬ ಹೆಸರಿನವರು, ಯಾವ ವಾಹನ ಹಿಡಿದು ಬಂದರೆಂಬುದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮ ನಾಟಕದಲ್ಲಿ ಒಂದು ಮುಖಕ್ಕೆ ಬಣ್ಣ ಹಚ್ಚಲು ಎರಡು ತಾಸು ಬೇಕು. ತಾವು ನಾಲ್ಕು ನೂರು ಗಿಡಕ್ಕೆ ಹದಿನೈದು ದಿನದಲ್ಲಿ ಬಣ್ಣ ಹಚ್ಚಿ ಮುಗಿಸಿದಿರಿ.

ಈಗ ತಕರಾರು. ನನ್ನ ಹೊಲಕ್ಕೂ ನಿಜಗುಣಪ್ಪನ ಹೊಲಕ್ಕೂ ನಡುವೆ ಒಂದೇ ಬದು. ನಮ್ಮಿಬ್ಬರದು ಮುಯ್ಯಿಯ ಪದ್ಧತಿ: ಇವತ್ತು ಅವನು ನನ್ನಲ್ಲಿ ದುಡಿದರೆ ನಾಳೆ ನಾನು ಅವನಲ್ಲಿ. ಟಮಾಟಿ ಗಿಡವನ್ನು ಕೋಲಿಗೆ ಕಟ್ಟಿ ಬಗಲ ಚಿಗುರು ಚಿವುಟುವುದರಲ್ಲಿ ನನ್ನ ಹೆಬ್ಬೆರಳಿಗೆ ಊರಲ್ಲೇ ಹೆಸರು, ಎರಡೂ ಹೊಲದಲ್ಲಿ ಚಿವುಟುವವನು ನಾನೇ. ರಂಗದ ಮೇಲೆ ಅವನು ದುಷ್ಟ ಸೇನಾಪತಿ. ವರ್ಷಕ್ಕೊಮ್ಮೆ, ಕೊನೆಯ ಅಂಕದಲ್ಲಿ, ಕಟ್ಟಿಗೆಯ ಕತ್ತಿಯಿಂದ ಅವನನ್ನು ಕೊಲ್ಲುವವನು ನಾನು. ಹೀಗಿರುವಾಗ ತಾವು ಮೊದಲು ನನ್ನ ಹೊಲದಲ್ಲಿ, ವಾರದ ಮೇಲೆ ಅವನ ಹೊಲದಲ್ಲಿ ಪ್ರವೇಶ ಮಾಡಿದಿರಿ. ಅವನ ಬದುವಿನ ಕಸದಿಂದಲೇ ಬಿಳಿನೊಣ ಎದ್ದು ನನ್ನ ಬೆಳೆ ಕೆಟ್ಟಿತೆಂದು ನಾನು ಚಾವಡಿಯ ಮುಂದೆ ರಾಜನ ಕಂಠದಲ್ಲಿ ಸಾರಿದೆ. ಆ ಕಂಠ ಹೊಳೆಯಾಚೆಗೂ ಕೇಳಿಸುತ್ತದೆಂಬುದು ನನ್ನ ಹೆಮ್ಮೆಯಾಗಿತ್ತು, ಆವತ್ತೂ ಕೇಳಿಸಿತು. ನಿಜಗುಣಪ್ಪ ಮುಯ್ಯಿ ಮುರಿದ. ಯುಗಾದಿಯ ನಾಟಕಕ್ಕೆ ಕರೆಯಲು ಹೋದವರಿಗೆ, "ಈ ವರ್ಷ ಅಂವ ನನ್ನ ಕೊಲ್ಲೂದು ಬ್ಯಾಡ. ಚಾವಡಿ ಮುಂದ ಕೊಂದಾನಲ್ಲ, ಸಾಕು" ಅಂದನಂತೆ. ಮಾನ್ಯರೇ, ಸೇನಾಪತಿಯಿಲ್ಲದ ರಾಜನೆಂದರೆ ಕಟ್ಟಿಗೆಯ ಕತ್ತಿ ಹಿಡಿದು ಹಕ್ಕಿ ಕಾಯುವವನು.

ಆಗ ಕೃಷಿ ಇಲಾಖೆಯ ಸಾಹೇಬರೊಬ್ಬರು ಸೈಕಲ್ ಮೇಲೆ ಬಂದು ಎರಡೂ ಹೊಲ ತಿರುಗಿ ನೋಡಿ, "ಹಾರಿ ಬಂದ ರೋಗ ಅಲ್ಲೊಂದು ಇಲ್ಲೊಂದು ಗಿಡಕ್ಕ ಕುಂಡರತೈತ್ರಿ. ಇದು ಸಾಲ ಹಿಡದು ನಡಕೋತ ಬಂದೈತಿ. ಚಿವುಟಿದವರು ಯಾರು?" ಎಂದರು. ನಾನು ಎದೆಯುಬ್ಬಿಸಿ ಮುಂದೆ ಬಂದೆ. ಅವರು ನನ್ನ ಹೆಬ್ಬೆರಳು ನೋಡಿದರು, ಉಬ್ಬಿದ ಕೆಳತುಟಿ ನೋಡಿದರು, ಅಂಗೈಯ ಸುಣ್ಣ ನೋಡಿದರು. ಒಣಗಿದ ತಂಬಾಕಿನಲ್ಲಿ ತಾವು ವರ್ಷಗಟ್ಟಲೆ ಮಲಗಿರುತ್ತೀರಂತೆ. ಅದನ್ನು ತಿಕ್ಕಿದ ಬೆರಳಿನಿಂದಲೇ ಚಿಗುರು ಚಿವುಟಿದರೆ ಗಿಡದ ಗಾಯದಲ್ಲಿ ಎದ್ದು ಕೂರುತ್ತೀರಂತೆ. ಸಾಲಿಗೊಂದು ಸಲ ತಂಬಾಕು ತಿಕ್ಕುವವನು ನಾನು. ಬದುವಿನ ಮೇಲೆ ಕುಳಿತಿದ್ದ ನಮ್ಮ ಅಕ್ಕ ಬಾಯವ್ವ, "ಸಾಹೇಬ್ರ, ಹಂಗಾರ ಅದು ರೋಗ ಅಲ್ರಿ, ನಮ್ಮ ತಮ್ಮನ ಹೆಬ್ಬೆಟ್ಟಿನ ಸಹಿ" ಎಂದಳು.

ಆದಕಾರಣ ಸೋಮವಾರ ಗಿಡಗಳ ಮುಂದೆ ಕೈಮುಗಿದು ನಿಂತು ತಮ್ಮಲ್ಲಿ ಮೂರು ಪ್ರಾರ್ಥನೆ ಸಲ್ಲಿಸಿದ್ದೆ. ಒಂದು ಸಂಜೆಯ ಮಟ್ಟಿಗೆ ಕೈಕಾಲು, ಮೀಸೆ ಧರಿಸಿ ಚಾವಡಿಗೆ ಬಂದು, ನಾವು ಅಮೋಘಸಿದ್ದಪ್ಪನ ಬೆರಳಲ್ಲಿ ಬಂದವರಲ್ಲ, ಕಟಕೋಳದ ಕಡೆಯ ಗಾಳಿಯಲ್ಲಿ ಬಂದವರೆಂದು ಹೇಳಿಕೆ ಕೊಡಬೇಕು. ಅದಾಗದಿದ್ದರೆ ನನ್ನ ಕತ್ತಿಯ ಪೆಟ್ಟು ತಗಲುವಷ್ಟು ಗಾತ್ರಕ್ಕಾದರೂ ಬೆಳೆಯಬೇಕು. ಅದೂ ಆಗದಿದ್ದರೆ ನನ್ನ ಪರವಾಗಿ ನಿಜಗುಣಪ್ಪನ ಮನೆಗೆ ಹೋಗಿ ತಪ್ಪಾಯಿತೆನ್ನಬೇಕು, ಏಕೆಂದರೆ ನನ್ನ ಕಂಠಕ್ಕೆ ಸಣ್ಣ ದನಿಯ ಮಾತು ರೂಢಿಯಿಲ್ಲ. ನಾಲ್ಕು ದಿನ ಕಾದೆ. ತಾವು ಬರಲಿಲ್ಲ, ಇನ್ನೆರಡು ಸಾಲಿಗೆ ಮಾತ್ರ ಹೋಗಿ ಬಂದಿದ್ದಿರಿ.

ಕೊನೆಗೆ ಇವತ್ತು ಮುಂಜಾನೆ ನಾನೇ ಹೊರಟೆ. ಕೈಯನ್ನು ಸಾಬೂನಿನಿಂದ ತೊಳೆಯಬೇಕು, ಹಾಲಿನಲ್ಲಿ ಅದ್ದಿಕೊಂಡರೆ ಇನ್ನೂ ಒಳ್ಳೆಯದು ಎಂದು ಸಾಹೇಬರು ಹೇಳಿದ್ದರು. "ದೇವರಿಗೆ ತಪ್ಪಿಸಿ ಹೆಬ್ಬೆಟ್ಟಿಗೆ ಅಭಿಷೇಕ ಮಾಡೂ ಕಾಲ ಬಂತು ನೋಡು" ಎನ್ನುತ್ತ ಅಕ್ಕ ಒಂದು ತಂಬಿಗೆ ಹಾಲು ಕೊಟ್ಟಳು. ನಿಜಗುಣಪ್ಪನ ಬದುವಿನ ಮೇಲೆ, ಅವನ ಕಣ್ಣೆದುರಿಗೆ, ಮೊಣಕೈವರೆಗೆ ತೊಳೆದೆ, ಹಾಲಿನಲ್ಲಿ ಅದ್ದಿದೆ, ಸೊಂಟದಿಂದ ತಂಬಾಕಿನ ಚಂಚಿ ಬಿಚ್ಚಿ ಜಾಲಿಯ ಕೊಂಬೆಗೆ ತೂಗುಹಾಕಿದೆ. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಸಂಭಾಷಣೆ ಮರೆಯದವನು ಅಲ್ಲಿ ತಪ್ಪಾಯಿತೆಂಬ ಒಂದೇ ಮಾತು ಮರೆತು ನಿಂತೆ. ನಿಜಗುಣಪ್ಪ ಚಂಚಿಯನ್ನು ನೋಡಿ, "ಆ ಕಡಿ ಆರು ಸಾಲ ಉಳದಾವ. ಅಲ್ಲಿಂದ ಚಿವುಟು" ಎಂದ. ಮೂರನೆಯ ಸಾಲಿಗೆ ಬಂದಾಗ, ತಲೆಯೆತ್ತದೆ, "ಕತ್ತಿ ಈ ಸಲ ಸಾವಕಾಶ ಬೀಸು. ಹೋದ ವರ್ಷ ಖರೇನ ಹತ್ತಿತ್ತು" ಎಂದ.

ಆದ್ದರಿಂದ ತಮ್ಮ ಹೇಳಿಕೆಯ ಅಗತ್ಯ ಉಳಿದಿಲ್ಲ. ಕೆಟ್ಟ ಗಿಡಗಳನ್ನು ಇಬ್ಬರೂ ಕೂಡಿ ಕಿತ್ತು ಸುಟ್ಟಿದ್ದೇವೆ. ತಮ್ಮ ಕಂಪನಿ ಬಿಡಾರ ಕೀಳಬಹುದು.

ಇಂತು, ಇನ್ನು ಮೇಲೆ ತಮಗೆ ಬೆರಳು ಕೂಡ ಕೊಡದ,
ತಮ್ಮ ವಿಶ್ವಾಸಿ,
ಅಮೋಘಸಿದ್ದಪ್ಪ

ತಾ.ಕ.: ಈ ಪತ್ರವನ್ನು ಪತ್ರಿಕೆಗೆ ಕಳಿಸುವ ಲಕೋಟೆಯ ಅಂಟಿಗೆ ನಾಲಿಗೆ ಹಚ್ಚುವವಳು ನಮ್ಮ ಅಕ್ಕ, ನಾನಲ್ಲ, ಹೀಗಾಗಿ ಇದರಲ್ಲಿ ತಮಗೆ ಪ್ರಯಾಣದ ಅನುಕೂಲವಿಲ್ಲ. ನಾನು ಬೆಳಗಿನಿಂದ ಮೂರು ಸಲ ಆ ಜಾಲಿಯ ಬುಡಕ್ಕೆ ಹೋಗಿ ಬಂದೆನೆಂಬ ಸುದ್ದಿ ತಮ್ಮ ಕಿವಿಗೆ ಬಿದ್ದಿದ್ದರೆ, ಆಸೆ ಇಟ್ಟುಕೊಳ್ಳಬೇಡಿ. ಎರಡನೆಯ ಸಲ ಹೋಗಿ ಬಂದ ಮೇಲೆ ನಿಜಗುಣಪ್ಪ ಚಂಚಿಯನ್ನು ತುದಿಯ ಕೊಂಬೆಗೆ ಏರಿಸಿ ಕಟ್ಟಿದ್ದಾನೆ.